ನಾಳೆಯ ಪಾಠಕ್ಕೆ ತಯಾರಿ

ನಾಳೆ ಆವಿಯಾಗುವಿಕೆ ಪಾಠ. ಪುಸ್ತಕ ತೆರೆಯುವ ಮೊದಲೇ ಕೊನೆಯ ಪ್ರಶ್ನೆ ಬರೆದಿಟ್ಟೆ: ನಮ್ಮ ಉಡುಪಿಯ ಮಳೆಗಾಲದಲ್ಲಿ ಬಟ್ಟೆ ಯಾಕೆ ಬೇಗ ಒಣಗುವುದಿಲ್ಲ? ಗಾಳಿಯಲ್ಲಿ ಆಗಲೇ ತೇವ ಜಾಸ್ತಿ ಇರುತ್ತದೆ, ಅದಕ್ಕೇ ನಿಧಾನ ಅಂತ ಮಕ್ಕಳೇ ಹೇಳಬೇಕು. ಎಲ್ಲಿಗೆ ಮುಟ್ಟಬೇಕು ಅಂತ ಗೊತ್ತಿದ್ದರೆ ಏನು ಬಿಡಬೇಕು ಅನ್ನುವುದೂ ಗೊತ್ತಾಗುತ್ತದೆ, 40 ನಿಮಿಷದಲ್ಲಿ ಅದೇ ದೊಡ್ಡ ಕೆಲಸ. ಎರಡು ಒದ್ದೆ ಕರ್ಚೀಫು, ಒಂದನ್ನು ಕಿಟಕಿಗೆ ನೇತು ಹಾಕುವುದು, ಇನ್ನೊಂದನ್ನು ಮುಚ್ಚಿದ ಡಬ್ಬಿಯೊಳಗೆ ಹಾಕುವುದು. ಯಾವುದು ಮೊದಲು ಒಣಗುತ್ತದೆ ಅಂತ ಮೊದಲೇ ಊಹಿಸಿ ಬರೆಯಲಿ. ಊಹೆ ಬರೆದ ಮಗು ಉತ್ತರಕ್ಕೆ ಕಾಯುತ್ತದೆ, ಅಲ್ವಾ? ಮಲ್ಪೆ ಕಡೆಯ ಮಕ್ಕಳಿಗೆ ಮೀನು ಒಣಗಿಸುವುದು ನನಗಿಂತ ಚೆನ್ನಾಗಿ ಗೊತ್ತು. ಅವರೇ ವಿವರಿಸಲಿ, ತುಳುವಿನಲ್ಲಿ ಶುರು ಮಾಡಿದರೂ ತೊಂದರೆ ಇಲ್ಲ. ನೋಟ್ಸ್ ನಾಡಿದ್ದು ಬರೆಸಿದರಾಯಿತು.