ಒಂದೇ ವಾರ್ಡು, ಕ್ಯಾತಿಟರ್ ತೆಗೆಯುವ ದಿನ ಮಾತ್ರ ಬೇರೆ ಬೇರೆ

ನನಗೆ ಗರ್ಭಕೋಶ ಕೆಳಗೆ ಜಾರಿತ್ತು. ಅದನ್ನು ತೆಗೆದು, ಜೋತುಬಿದ್ದಿದ್ದ ಯೋನಿಯ ಮುಂಭಾಗವನ್ನೂ ಹೊಲಿದು ಸರಿಮಾಡಿದರು. ಆಪರೇಷನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಸಲೀಸಾಗಿ ಆಯಿತು. ಹೇಳಬೇಕಿರುವುದು ಕ್ಯಾತಿಟರ್ ಬಗ್ಗೆ, ಅಂದರೆ ಮೂತ್ರ ಹೊರಗಿನ ಬ್ಯಾಗಿಗೆ ಹರಿಯಲೆಂದು ಮೂತ್ರಕೋಶದೊಳಗೆ ಹಾಕಿಡುವ ಟ್ಯೂಬಿನ ಬಗ್ಗೆ. ಹೆಂಗಸರು ನಾವು ನಾವೇ ಇದ್ದಾಗಲೂ ಇದನ್ನು ಮಾತಾಡುವುದು ಕಮ್ಮಿ.

ಪಕ್ಕದ ಬೆಡ್ಡಿನವರಿಗೂ ಗರ್ಭಕೋಶ ತೆಗೆದಿದ್ದರು. ಅವರ ಟ್ಯೂಬು ಅದೇ ದಿನ ಸಂಜೆ ಹೊರಬಂತು. ಎದುರಿನ ಬೆಡ್ಡಿನಾಕೆಗೆ ಮಾತ್ರ ಒಂದೆರಡು ವಾರ ಇರಬೇಕು ಅಂದಿದ್ದರು. ನನಗೆ ಮರುದಿನ ಬೆಳಿಗ್ಗೆ. ಯಾಕೆ ಹೀಗೆ ಅಂತ ರೌಂಡ್ಸಿಗೆ ಬಂದ ಡಾಕ್ಟರನ್ನು ಕೇಳಿಯೇಬಿಟ್ಟೆ.

ಎದುರಿನಾಕೆಗೆ ಆಪರೇಷನ್ ವೇಳೆ ಮೂತ್ರಕೋಶಕ್ಕೆ ಗಾಯವಾಗಿ ಹೊಲಿಗೆ ಹಾಕಿದ್ದರಂತೆ. ಮೂತ್ರಕೋಶ ತುಂಬಿ ಹಿಗ್ಗಿದರೆ ಆ ಹೊಲಿಗೆ ಎಳೆಯುತ್ತದೆ. ಪಕ್ಕದವರಿಗೆ ಆ ತೊಂದರೆ ಇರಲಿಲ್ಲ. ನನ್ನ ಹೊಲಿಗೆ ಮೂತ್ರಕೋಶಕ್ಕೆ ಅಂಟಿಕೊಂಡೇ ಇತ್ತು, ಊತ ಬಂದು ಮೂತ್ರ ಕಟ್ಟುವ ಸಾಧ್ಯತೆ ಜಾಸ್ತಿ.

“ಹಾಗಾದ್ರೆ ಇನ್ನೂ ನಾಲ್ಕು ದಿನ ಇರಲಿ ಬಿಡಿ ಡಾಕ್ಟ್ರೇ,” ಅಂದಳು ಅಕ್ಕ.

ಡಾಕ್ಟರ್ ಒಪ್ಪಲಿಲ್ಲ. ಟ್ಯೂಬು ಒಳಗಿದ್ದಷ್ಟು ದಿನವೂ, ಪ್ರತಿದಿನ ಶೇ. 3ರಿಂದ 7ರಷ್ಟು ಮಂದಿಯ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ ಅಂದರು. ಬ್ಯಾಗ್ ಹಿಡಿದುಕೊಂಡು ಓಡಾಡುವುದೂ ಕಷ್ಟ, ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಬೆಳಿಗ್ಗೆ ಸಿಸ್ಟರ್ ಟ್ಯೂಬಿನ ಮೂಲಕವೇ ಮೂತ್ರಕೋಶಕ್ಕೆ 300 ಮಿ.ಲೀ. ಸಲೈನ್ ನಿಧಾನವಾಗಿ ಬಿಟ್ಟರು. ಹೊಟ್ಟೆಯ ಕೆಳಗೆ ತಣ್ಣಗೆ ತುಂಬಿಕೊಂಡು ಬಂತು. ಆಮೇಲೆ ಖಾಲಿ ಸಿರಿಂಜ್ ಸಿಕ್ಕಿಸಿ, ಟ್ಯೂಬನ್ನು ಒಳಗೆ ಹಿಡಿದಿಟ್ಟಿದ್ದ ಪುಟ್ಟ ಬಲೂನಿನ ನೀರು ಎಳೆದರು. “ಉಸಿರು ಬಿಡಿ,” ಅಂದರು. ಚುರ್ ಅಂತ ಉರಿಯಿತು, ಅಷ್ಟೇ. ಕೈಗೆ ಅಳತೆಯ ಜಾರ್ ಕೊಟ್ಟು ಬಾತ್‌ರೂಮಿಗೆ ಕಳಿಸಿದರು. ಬಿಟ್ಟದ್ದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 200 ಆದರೂ ಬರಬೇಕು.

ನಲ್ಲಿ ಬಿಟ್ಟೆ. ಮುಂದಕ್ಕೆ ಬಾಗಿ ಕೂತೆ. ಜಾರ್‌ನಲ್ಲಿ 120ರ ಗೆರೆ ಮುಟ್ಟಿ ನಿಂತುಹೋಯಿತು. ಮತ್ತೆ ಟ್ಯೂಬು ಹಾಕಿದಾಗ ಅಳು ತಡೆಯಲಾಗಲಿಲ್ಲ.

“ಇದ್ರಲ್ಲಿ ನಿಮ್ದೇನೂ ಇಲ್ಲಮ್ಮ,” ಅಂದರು ಸಿಸ್ಟರ್. “ಅರಿವಳಿಕೆ, ನೋವಿನ ಇಂಜೆಕ್ಷನ್ನು, ಊತ, ಎಲ್ಲಾ ಸೇರಿ ಮೂತ್ರಕೋಶ ಇನ್ನೂ ಮಂಕಾಗಿದೆ. ಸುಮ್ನೆ ತಡ್ಕೊಂಡ್ರೆ ಅತಿಯಾಗಿ ಹಿಗ್ಗಿ ಅದರ ಸ್ನಾಯುವೇ ಸೋತುಹೋಗುತ್ತೆ.” ಆ ಮಾತು ನನಗೆ ತುಂಬಾ ಮುಖ್ಯ ಅನ್ನಿಸಿತು. ಮತ್ತೆ ಟ್ಯೂಬು ಹಾಕುವುದನ್ನು ಸೋಲು ಅಂದುಕೊಂಡು, ‘ಸ್ವಲ್ಪ ಹೋಯ್ತು’ ಅಂತ ಹೇಳಿ ತಪ್ಪಿಸಿಕೊಳ್ಳುವವರು ಎಷ್ಟೋ ಜನ ಇರುತ್ತಾರೆ. ಸ್ವಲ್ಪ ಹೋದರೆ ಸಾಲದು, ಒಳಗೆ ಎಷ್ಟು ಉಳಿಯಿತು ಅಂತ ಗೊತ್ತಾಗಬೇಕು.

ಊತ ಇಳಿದ ಮೇಲೆ ಮತ್ತೆ ಅದೇ ಪರೀಕ್ಷೆ. ಈ ಸಲ ಜಾರ್ 240 ತೋರಿಸಿತು. ಬಾಗಿಲ ಹೊರಗೆ ನಿಂತಿದ್ದ ಅಕ್ಕನಿಗೆ ಅಲ್ಲಿಂದಲೇ ಕೂಗಿ ಹೇಳಿದೆ.

ಮನೆಗೆ ಹೊರಡುವಾಗ ಸಿಸ್ಟರ್ ಬರೆದುಕೊಟ್ಟರು: ಆರು ಗಂಟೆಯಾದರೂ ಮೂತ್ರ ಬರದಿದ್ದರೆ, ಹನಿಹನಿಯಾಗಿ ಮಾತ್ರ ಹೋಗಿ ಕೆಳಹೊಟ್ಟೆ ಬಿಗಿದರೆ, ಜ್ವರ ಬಂದರೆ ರಾತ್ರಿಯಾದರೂ ಸರಿ, ಬಂದುಬಿಡಿ. ಆ ಚೀಟಿಯನ್ನು ಅಕ್ಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.