ಎರಡು ತಿಂಗಳ ಡೈವಿಂಗ್ ತರಬೇತಿಗೆ ಜಾಗ ಆರಿಸುವುದು ಹೇಗೆ?

ಸ್ಕೂಬಾ ಕಲಿಯಲೆಂದೇ ಎರಡು ತಿಂಗಳು ಬಿಡುವು ಮಾಡಿಕೊಂಡವರು ಮೊದಲು ವಿಚಾರಿಸುವುದು ಮೀನಿನ ಬಗ್ಗೆ. ಆಮೆ ಎಲ್ಲಿ ಸಿಗುತ್ತದೆ, ತಿಮಿಂಗಿಲ ಶಾರ್ಕ್ ಎಲ್ಲಿ ಬರುತ್ತದೆ, ಹವಳ ಎಲ್ಲಿ ಚೆನ್ನಾಗಿದೆ. ಒಂದು ವಾರದ ಪ್ರವಾಸಕ್ಕೆ ಅದು ಸರಿ. ತರಬೇತಿಗೆ ಹೊರಟವರು ವಿಚಾರಿಸಬೇಕಾದ್ದು ಬೇರೆಯೇ: ನೀವಿರುವ ಆ ಎಂಟು ವಾರಗಳಲ್ಲಿ ದೋಣಿ ಎಷ್ಟು ದಿನ ಕಡಲಿಗೆ ಇಳಿಯುತ್ತದೆ? ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಡೈವಿಂಗ್ ಕಲಿಸಿ ಸರ್ಟಿಫಿಕೇಟ್ ಕೊಡುವ ಪಾಡಿ ಸಂಸ್ಥೆಯ ಕ್ರಮದಲ್ಲಿ ಮೊದಲ ಹಂತದ ಓಪನ್ ವಾಟರ್ ಕೋರ್ಸಿಗೆ ಕಡಲಿನಲ್ಲಿ 4 ಡೈವ್, ಅದು ಮುಗಿದರೆ 18 ಮೀಟರ್‌ವರೆಗೆ ಇಳಿಯಬಹುದು. ಅಡ್ವಾನ್ಸ್ಡ್ ಕೋರ್ಸಿಗೆ ಇನ್ನು 5 ಡೈವ್, ಆಗ ಮಿತಿ 30 ಮೀಟರ್. ಆಮೇಲೆ ತೊಂದರೆಗೆ ಸಿಕ್ಕವರನ್ನು ಕಾಪಾಡಲು ಕಲಿಸುವ ರೆಸ್ಕ್ಯೂ. ಕೊನೆಗೆ ಇನ್‌ಸ್ಟ್ರಕ್ಟರಿಗೆ ಸಹಾಯಕರಾಗಿ ದುಡಿಯಬಲ್ಲ ಡೈವ್‌ಮಾಸ್ಟರ್ ಹಂತ. ಡೈವ್‌ಮಾಸ್ಟರ್ ತರಬೇತಿ ಶುರು ಮಾಡಲು, ಮಾಡಿದ ಡೈವ್ ಬರೆದಿಡುವ ಲಾಗ್ ಪುಸ್ತಕದಲ್ಲಿ 40 ಡೈವ್ ಇರಬೇಕು, ಮುಗಿಸಿ ಸರ್ಟಿಫಿಕೇಟ್ ಪಡೆಯುವಾಗ 60 ಆಗಿರಬೇಕು. ದಿನಕ್ಕೆ ಎರಡು, ವಾರಕ್ಕೆ ಐದು ದಿನ ಎಂದರೆ ವಾರಕ್ಕೆ 10. ಕಾಗದದ ಮೇಲೆ ಆರು ವಾರ ಸಾಕು. ಆದರೆ ಗಾಳಿ ಎದ್ದ ದಿನ, ನೆಗಡಿಯಾದ ದಿನ, ಕಿವಿ ನೋವಿನ ದಿನ ಸೇರಿ ವಾರಕ್ಕೊಂದು ದಿನ ಹೋಗಿಯೇ ಹೋಗುತ್ತದೆ. ಹಾಗಾಗಿ ಎಂಟು ವಾರ ಎಂಬುದೇ ಪ್ರಾಮಾಣಿಕ ಲೆಕ್ಕ. "ನಾಲ್ಕು ವಾರದಲ್ಲಿ ಸೊನ್ನೆಯಿಂದ ಡೈವ್‌ಮಾಸ್ಟರ್" ಎಂಬ ಜಾಹೀರಾತು ನಿಜವಾಗಲು ದಿನಕ್ಕೆ ಮೂರು ಡೈವ್ ಮಾಡಬೇಕು. ಸಂಖ್ಯೆ ತುಂಬುತ್ತದೆ, ಕೈ ಪಳಗುವುದಿಲ್ಲ.

ದರ ಹೋಲಿಸುವಾಗ ಕೋರ್ಸಿನ ಹೆಸರಿಗೆ ಮೋಸಹೋಗಬಾರದು. ಪಾಡಿಯಂಥದ್ದೇ ಇನ್ನೊಂದು ತರಬೇತಿ ಸಂಸ್ಥೆಯಾದ ಎಸ್ಎಸ್ಐಯಲ್ಲಿ ಅಡ್ವಾನ್ಸ್ಡ್ ಓಪನ್ ವಾಟರ್ ಎಂದರೆ 4 ವಿಶೇಷ ಕೋರ್ಸುಗಳು ಮತ್ತು 24 ಡೈವ್. ಪಾಡಿಯ ಐದು ಡೈವ್‌ಗಳ ಕೋರ್ಸಿಗೆ ಸಮನಾದದ್ದನ್ನು ಅಲ್ಲಿ ಅಡ್ವಾನ್ಸ್ಡ್ ಅಡ್ವೆಂಚರರ್ ಎನ್ನುತ್ತಾರೆ. ಸಂಸ್ಥೆ ಯಾವುದು ಎಂಬುದು ದೊಡ್ಡ ವಿಷಯವಲ್ಲ, ಎರಡೂ ಜಗತ್ತಿನ ಎಲ್ಲೆಡೆ ನಡೆಯುತ್ತವೆ.

ಇನ್ನು ಋತು. ಇದನ್ನು ನಮ್ಮ ಮುಂಗಾರು ಹಿಂಗಾರುಗಳ ಲೆಕ್ಕದಲ್ಲೇ ಅರ್ಥಮಾಡಿಕೊಳ್ಳಬಹುದು. ನಮ್ಮ ಕರಾವಳಿಗೆ ಜೂನ್‌ನಲ್ಲಿ ಅಪ್ಪಳಿಸುವ ನೈಋತ್ಯದ ಗಾಳಿಯೇ ಅಂಡಮಾನಿಗೂ ಥಾಯ್ಲೆಂಡಿನ ಪಶ್ಚಿಮ ಕರಾವಳಿಗೂ ಬಡಿಯುತ್ತದೆ. ಅಂಡಮಾನಿಗೆ ಅದು ನಮಗಿಂತ ಮೊದಲೇ, ಮೇ ತಿಂಗಳ ಕೊನೆಯ ಭಾಗದಲ್ಲಿ ತಲುಪುತ್ತದೆ. ಅದೇ ಕಾಲದಲ್ಲಿ ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಕೊ ತಾವ್ ದ್ವೀಪ ಬಹುಮಟ್ಟಿಗೆ ಶಾಂತವಾಗಿರುತ್ತದೆ, ಏಕೆಂದರೆ ಗಾಳಿಗೂ ದ್ವೀಪಕ್ಕೂ ನಡುವೆ ಇಡೀ ಪರ್ಯಾಯ ದ್ವೀಪದ ನೆಲವೇ ಗೋಡೆಯಂತೆ ನಿಂತಿದೆ. ಹಿಂಗಾರಿನಲ್ಲಿ ಪಾಡು ತಿರುಗುಮುರುಗು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯದ ಗಾಳಿ ನೇರ ಕೊಲ್ಲಿಯೊಳಗೆ ನುಗ್ಗುತ್ತದೆ. ನವೆಂಬರ್‌ನಲ್ಲಿ ಕೊ ತಾವ್‌ಗೆ ಹೋಗುವ ಫೆರ್ರಿಗಳೇ ರದ್ದಾಗುವುದುಂಟು. ಶ್ರೀಲಂಕಾದಲ್ಲಂತೂ ಒಂದೇ ದ್ವೀಪಕ್ಕೆ ಎರಡು ಋತು: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹಿಕ್ಕಡುವ, ಉನವಟುನ ಇರುವ ಪಶ್ಚಿಮ ಮತ್ತು ದಕ್ಷಿಣದ ಕರಾವಳಿ, ಮೇಯಿಂದ ಸೆಪ್ಟೆಂಬರ್‌ವರೆಗೆ ಟ್ರಿಂಕೋಮಲಿ. ಆದ್ದರಿಂದ ಮೊದಲು ರಜೆಯ ತಿಂಗಳು ಗೊತ್ತುಮಾಡಿಕೊಳ್ಳಿ. ಜಾಗ ತಾನಾಗಿ ಎರಡು ಮೂರಕ್ಕೆ ಇಳಿಯುತ್ತದೆ.

ಡಿಸೆಂಬರ್ ಕೊನೆಯಿಂದ ಏಪ್ರಿಲ್ ನಡುವೆ ಬಿಡುವಿದ್ದರೆ ಅಂಡಮಾನಿನ ಹ್ಯಾವ್ಲಾಕ್ ನನ್ನ ಮೊದಲ ಆಯ್ಕೆ. 2018ರಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಟಿಕೆಟ್ ಹುಡುಕುವಾಗ ಹಳೆಯದು ಹೊಸದು ಎರಡೂ ಹೆಸರು ಕಾಣಿಸುತ್ತವೆ, ಗಾಬರಿಯಾಗಬೇಡಿ. ವೀಸಾ ಇಲ್ಲ, ಹಣ ಬದಲಾಯಿಸುವ ತಾಪತ್ರಯವಿಲ್ಲ. ಹಿಂದಿ, ತಮಿಳು, ಬಂಗಾಳಿ ಎಲ್ಲ ನಡೆಯುತ್ತವೆ, ಅನ್ನ ಸಾರು ಸಿಗುತ್ತದೆ. ಕಲಿಯುವವರಿಗೆ ಇಲ್ಲಿನ ದೊಡ್ಡ ಅನುಕೂಲ ನೀಮೋ ರೀಫ್. ದಡದಿಂದ ನಡೆದೇ ಇಳಿಯಬಹುದು, ದೋಣಿಗಾಗಿ ಕಾಯಬೇಕಿಲ್ಲ, ಮೊದಲ ಪಾಠಗಳಿಗೆ ಬೇಕಾದಷ್ಟೇ ಆಳ. ಮುಂದಿನ ಹಂತಕ್ಕೆ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಇವೆ. ಅಲ್ಲಿ ಆಳವೂ ಇದೆ, ಸೆಳೆತವೂ ಇದೆ. ತೊಂದರೆ ಒಂದೇ: ಕಲಿಯಲು ಬರುವವರಿಗಿಂತ ಒಂದೇ ದಿನಕ್ಕೆ ನೀರಿಗಿಳಿದು ಫೋಟೋ ತೆಗೆಸಿಕೊಳ್ಳಲು ಬರುವವರು ಹೆಚ್ಚು. ಕೆಲವು ಶಾಲೆಗಳಲ್ಲಿ ಡೈವ್‌ಮಾಸ್ಟರ್ ತರಬೇತಿಯವರು ವಾರಗಟ್ಟಲೆ ಆ ಪ್ರವಾಸಿಗರ ಸಿಲಿಂಡರ್ ಹೊರುವುದರಲ್ಲೇ ಕಳೆಯುತ್ತಾರೆ. ನಿಜವಾದ ಕೋರ್ಸ್ ವಿದ್ಯಾರ್ಥಿಗಳ ಜೊತೆ ತಿಂಗಳಿಗೆ ಎಷ್ಟು ದಿನ ನೀರಿನಲ್ಲಿ ಸಹಾಯಕರಾಗಿ ಇರುತ್ತೇವೆ ಎಂದು ಹಣ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಕಾಲೇಜಿನ ರಜೆ ಎಂದರೆ ಮೇ, ಜೂನ್, ಜುಲೈ. ಆಗ ಕೊ ತಾವ್. ಸುಮಾರು 21 ಚದರ ಕಿಲೋಮೀಟರ್‌ನ ಪುಟ್ಟ ದ್ವೀಪ, ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಜನ ಡೈವಿಂಗ್ ಕಲಿಯುವ ಜಾಗಗಳಲ್ಲಿ ಒಂದು. ಸ್ಪರ್ಧೆ ಹೆಚ್ಚು, ಆದ್ದರಿಂದ ದರ ಕಡಿಮೆ. ಕಲಿಯುವವರ ದಂಡೇ ಇರುವುದರಿಂದ ಸಹಾಯಕರಾಗಿ ಕೈಪಳಗಿಸಿಕೊಳ್ಳಲು ದಿನವೂ ಅವಕಾಶ. ಜಪಾನೀಸ್ ಗಾರ್ಡನ್ಸ್, ಮ್ಯಾಂಗೋ ಬೇ ಮುಂತಾದ ಕಡೆ ಮರಳಿನ ತಳ, ಕಡಿಮೆ ಆಳ. ಚುಂಫೋನ್ ಪಿನಾಕಲ್‌ನಲ್ಲಿ 30 ಮೀಟರ್ ದಾಟುವ ಆಳ. 2011ರಲ್ಲಿ ಕೃತಕ ದಿಬ್ಬವಾಗಲೆಂದು ಮುಳುಗಿಸಿದ ಸತ್ತಾಕುಟ್ ಎಂಬ ನೌಕಾಪಡೆಯ ಹಡಗೂ ದ್ವೀಪದ ಬಳಿಯೇ ಇದೆ. ಒಂದೇ ದ್ವೀಪದ ಸುತ್ತ ಇಷ್ಟು ಬಗೆಯ ನೀರು ಸಿಗುವುದು ಅಪರೂಪ. ಆದರೆ ಸೆಳೆತ ಹೆಚ್ಚಿಲ್ಲದ ಜಾಗ, ಹರಿಯುವ ನೀರಿನ ಅಭ್ಯಾಸ ಅಲ್ಲಿ ಅರ್ಧಂಬರ್ಧ. ಸಸ್ಯಾಹಾರಿಗಳು ಎರಡು ಮಾತು ಕಲಿತುಹೋಗಲಿ: 'ಜೇ' ಎಂದರೆ ಮೀನು ಮಾಂಸ ಮೊಟ್ಟೆ ಯಾವುದೂ ಇಲ್ಲದ ಊಟ, 'ಮೈ ಸೈ ನಾಮ್ ಪ್ಲಾ' ಎಂದರೆ ಮೀನಿನ ಸಾಸ್ ಹಾಕಬೇಡಿ. ಎರಡನೆಯದನ್ನು ಹೇಳದಿದ್ದರೆ ತರಕಾರಿ ಪಲ್ಯಕ್ಕೂ ಅದು ಬೀಳುತ್ತದೆ. ಎಂಟು ವಾರ ಅರೆಹೊಟ್ಟೆಯಲ್ಲಿ ಡೈವ್ ಮಾಡಲಾಗದು. ಥಾಯ್ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ವಾರವೇ ರಾಯಭಾರ ಕಚೇರಿಯ ಪುಟ ನೋಡಿ.

ಇಂಡೋನೇಷ್ಯಾದ ಗಿಲಿ ತ್ರಾವಾಂಗನ್ ಬಗ್ಗೆ ಬಹಳ ಜನ ಕೇಳುತ್ತಾರೆ. ಆಮೆಗಳು ಧಾರಾಳ, ದ್ವೀಪದಲ್ಲಿ ಮೋಟಾರು ವಾಹನದ ಗದ್ದಲವಿಲ್ಲ. ಆದರೆ ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿದುಬರುವ ದಾರಿಗಳಲ್ಲಿ ಪಕ್ಕದ ಲೊಂಬೋಕ್ ಜಲಸಂಧಿಯೂ ಒಂದು. ಸೆಳೆತದ ಜೊತೆ ತೇಲುತ್ತಾ ಹೋಗುವ ಡ್ರಿಫ್ಟ್ ಡೈವ್ ಅಲ್ಲಿ ದಿನನಿತ್ಯದ ಮಾತು. ಮಾಸ್ಕ್‌ನ ನೀರು ತೆಗೆಯಲು ಇನ್ನೂ ತಡವರಿಸುವವರಿಗೆ ಅದು ಹೊರೆ. ಅಡ್ವಾನ್ಸ್ಡ್ ಮುಗಿಸಿ ಹೋದರೆ ಒಳ್ಳೆಯ ಶಾಲೆ. ಮಾಲ್ಡೀವ್ಸ್ ನೋಡುವುದಕ್ಕೆ ಚೆಂದ, ಎರಡು ತಿಂಗಳ ತರಬೇತಿಯ ಖರ್ಚಿಗೆ ಒಗ್ಗುವುದಿಲ್ಲ.

ನಮ್ಮದೇ ನೇತ್ರಾಣಿ? ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ಆ ದ್ವೀಪದ ಸುತ್ತ ಮೀನು ಚೆನ್ನಾಗಿದೆ, ಆದರೆ ನೀರು ಒಂದು ದಿನ ತಿಳಿಯಾಗಿದ್ದರೆ ಮರುದಿನ ಕಲಕಿರುತ್ತದೆ, ಮಳೆಗಾಲದಲ್ಲಿ ಪೂರ್ತಿ ಬಂದ್. ದೀರ್ಘ ತರಬೇತಿಗೆ ಸಾಲದು. ಆದರೂ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ವಿಮಾನದ ಟಿಕೆಟ್, ಕೋರ್ಸಿನ ಹಣ ಎಲ್ಲ ಸುರಿಯುವ ಮೊದಲು ಅಲ್ಲೊಂದು ಪ್ರಾಯೋಗಿಕ ಡೈವ್ ಮಾಡಿ. ಕಿವಿ ಒಪ್ಪುತ್ತದೆಯೇ, ನೀರಿನಡಿ ಉಸಿರಾಡುವಾಗ ಎದೆ ಹೊಡೆದುಕೊಳ್ಳುತ್ತದೆಯೇ ಎಂಬುದು ಒಂದೇ ಬೆಳಗ್ಗೆ ಗೊತ್ತಾಗುತ್ತದೆ. ಡೈವ್ ಮಾಡಿದ ರಾತ್ರಿಯೇ ಬೆಂಗಳೂರಿನ ಬಸ್ ಹತ್ತಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಘಟ್ಟ ಹತ್ತಿದಂತೆ ಗಾಳಿಯ ಒತ್ತಡ ಇಳಿದು, ದೇಹದಲ್ಲಿ ಕರಗಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ವಿಮಾನಕ್ಕಷ್ಟೇ ಸೀಮಿತವಲ್ಲ. ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಿರಿ.

ಜಾಗ ಗೊತ್ತಾದ ಮೇಲೆ ಶಾಲೆ. ಅದರ ಗುಣ ಅಳೆಯಲು ನನ್ನ ಪ್ರಕಾರ ಒಂದು ಗುರುತು ಸಾಕು: ಅವರ ವಿದ್ಯಾರ್ಥಿಗಳು ನೀರಿನಡಿ ಹೇಗಿದ್ದಾರೆ ನೋಡಿ. ಎಲ್ಲರೂ ಮರಳಿನ ಮೇಲೆ ಮೊಣಕಾಲೂರಿ ಸಾಲಾಗಿ ಕೂತಿದ್ದರೆ ಅದು ಹಳೆಯ, ಸುಲಭದ ದಾರಿ. ತಳ ಮುಟ್ಟದೆ ಅಡ್ಡಲಾಗಿ ತೇಲುತ್ತಲೇ ಮಾಸ್ಕ್ ತೆಗೆದು ಹಾಕಿಕೊಳ್ಳುತ್ತಿದ್ದರೆ ಆ ಶಾಲೆಗೆ ಸೇರಿ. ಮೊಣಕಾಲೂರಿ ಕಲಿತವರು ಹವಳದ ಮೇಲೆ ಬಂದಾಗ ತಡವರಿಸಿ ಕಾಲು ಊರುತ್ತಾರೆ. ವರ್ಷಗಟ್ಟಲೆ ಬೆಳೆದ ಹವಳ ಒಂದು ಒದೆತಕ್ಕೆ ಮುರಿಯುತ್ತದೆ, ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ನೀರಿನಡಿ ಇಳಿಯಲು ಸೊಂಟಕ್ಕೆ ಕಟ್ಟುವ ತೂಕ ಎಷ್ಟಿರಬೇಕೆಂದು ಹೇಗೆ ಗೊತ್ತುಮಾಡುತ್ತಾರೆ ಎಂದೂ ಕೇಳಿ. 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರಿನ ಒತ್ತಡ 200 ಬಾರ್‌ನಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 2 ಕೆಜಿ ಗಾಳಿ ಖರ್ಚಾಗಿ ಸಿಲಿಂಡರ್ ಅಷ್ಟು ಹಗುರವಾಗುತ್ತದೆ. ಆದ್ದರಿಂದ ತೂಕವನ್ನು ಡೈವ್ ಮುಗಿದಾಗ, ಸಿಲಿಂಡರ್ 50 ಬಾರ್‌ನಲ್ಲಿದ್ದಾಗ ಪರೀಕ್ಷಿಸಬೇಕು. ತುಂಬಿದ ಸಿಲಿಂಡರಿನಲ್ಲಿ ಸರಿಯಾಗಿದ್ದ ತೂಕ ಕೊನೆಯಲ್ಲಿ ಸಾಲದೆ, 5 ಮೀಟರ್‌ನಲ್ಲಿ ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಬೇಕಾದಾಗ ನೀರು ನಿಮ್ಮನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಓಪನ್ ವಾಟರ್ ಕೋರ್ಸಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರಿಗೆ ಎಂಟು ಮಂದಿಯವರೆಗೆ ಪಾಡಿಯ ನಿಯಮ ಒಪ್ಪುತ್ತದೆ. ನಾಲ್ಕಕ್ಕಿಂತ ಹೆಚ್ಚಿದ್ದರೆ ನಾನು ಬೇರೆ ಕಡೆ ಹೋಗಿ ಎನ್ನುತ್ತೇನೆ.

ದೋಣಿಯಲ್ಲಿ ತುರ್ತಿಗೆಂದು ಇಡುವ ಆಕ್ಸಿಜನ್ ಕಿಟ್ ತೆರೆಸಿ ನೋಡಿ. ಕೇಳಲು ಸಂಕೋಚ ಬೇಡ. 2 ಲೀಟರ್ ಸಿಲಿಂಡರಿನಲ್ಲಿ 150 ಬಾರ್ ಇದ್ದರೆ ಅದು 300 ಲೀಟರ್ ಆಕ್ಸಿಜನ್. ನಿಮಿಷಕ್ಕೆ 15 ಲೀಟರ್‌ನಂತೆ ಕೊಟ್ಟರೆ 20 ನಿಮಿಷಕ್ಕೆ ಖಾಲಿ. ಡೈವ್ ಜಾಗದಿಂದ ದಡಕ್ಕೆ ಒಂದು ಗಂಟೆಯ ದಾರಿಯಾದರೆ ಆ ಕಿಟ್ ಹೆಸರಿಗೆ ಮಾತ್ರ. ನೈಟ್ರೋಜನ್ ಗುಳ್ಳೆಯಾದವರಿಗೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ರೀಕಂಪ್ರೆಷನ್ ಚೇಂಬರ್ ಹತ್ತಿರದಲ್ಲಿ ಎಲ್ಲಿದೆ, ಅಲ್ಲಿಗೆ ರಾತ್ರಿಯಲ್ಲಿ ಹೇಗೆ ಸಾಗಿಸುತ್ತೀರಿ ಎಂದು ಕೇಳಿದಾಗ ಶಾಲೆಯವರು ಥಟ್ಟನೆ ಉತ್ತರಿಸಬೇಕು. ಕಂಪ್ರೆಸರ್ ಕೋಣೆಯನ್ನೂ ನೋಡಿ: ಗಾಳಿ ಎಳೆಯುವ ಕೊಳವೆ ಜನರೇಟರಿನ ಹೊಗೆಯ ಹತ್ತಿರವಿದ್ದರೆ ಕಾರ್ಬನ್ ಮಾನಾಕ್ಸೈಡ್ ಸಿಲಿಂಡರಿಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಆಳದಲ್ಲಿ ಅದರ ವಿಷ ಹೆಚ್ಚುತ್ತದೆ.

"ಉಚಿತ ಇಂಟರ್ನ್‌ಶಿಪ್" ಎಂದು ದುಡಿಮೆಗೆ ಬದಲಾಗಿ ತರಬೇತಿ ಕೊಡುವುದರ ಒಳಗೆ ಎರಡು ಮುಳ್ಳುಗಳಿವೆ. ಪುಸ್ತಕ, ಅರ್ಜಿ ಶುಲ್ಕ, ಸಲಕರಣೆ ಬಾಡಿಗೆ ಉಚಿತದಲ್ಲಿ ಸೇರಿರುವುದಿಲ್ಲ. ವಿದೇಶದಲ್ಲಾದರೆ ಪ್ರವಾಸಿ ವೀಸಾದಲ್ಲಿ ದುಡಿಯುವುದು ಕಾನೂನಿಗೆ ವಿರುದ್ಧ, ಸಂಬಳವಿಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ದೇಹದ ಕಡೆಯಿಂದ ತರಬೇತಿ ಕೆಡಿಸುವುದು ಹೆಚ್ಚಾಗಿ ಕಿವಿಯೇ. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ನೀರಿನಲ್ಲಿ ಅಂಥದ್ದೇ ಒತ್ತಡ ಮೊದಲ ಒಂದೆರಡು ಮೀಟರಿನಲ್ಲೇ ಬಂದುಬಿಡುತ್ತದೆ. ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರಿಗೊಮ್ಮೆ ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವಾದ ಮೇಲೆ ಜೋರಾಗಿ ಊದಿದರೆ ತಮಟೆಗೆ ಪೆಟ್ಟು. ನೆಗಡಿಯಲ್ಲಿ ಮಾತ್ರೆ ನುಂಗಿ ಇಳಿಯುವವರಿಗೆ ಅರ್ಧ ಡೈವ್‌ನಲ್ಲಿ ಮಾತ್ರೆಯ ಗುಣ ಇಳಿದು, ಮೇಲೆ ಬರುವಾಗ ಗಾಳಿ ಹೊರಬರಲಾಗದೆ ಸಿಕ್ಕಿಕೊಳ್ಳುತ್ತದೆ. ಎರಡನೇ ವಾರದ ಹೊತ್ತಿಗೆ ಸದಾ ಒದ್ದೆಯಾಗಿರುವ ಕಿವಿನಾಳಕ್ಕೆ ಸೋಂಕು ಶುರುವಾಗುತ್ತದೆ. ಪ್ರತಿ ಡೈವ್ ನಂತರ ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಹತ್ತಿಕಡ್ಡಿ ಹಾಕಬೇಡಿ, ಯಾವ ಹನಿ ಬಳಸಬೇಕೆಂದು ಹೊರಡುವ ಮೊದಲೇ ಕಿವಿ ವೈದ್ಯರಲ್ಲಿ ಕೇಳಿ ಒಯ್ಯಿರಿ. ನೀರು 28 ಡಿಗ್ರಿ ಇದ್ದರೂ ದಿನಕ್ಕೆರಡು ಡೈವ್ ಮಾಡಿದರೆ ಮೈ ಚಳಿಗಟ್ಟುತ್ತದೆ. 3 ಮಿಲಿಮೀಟರ್‌ನ ಸ್ವಂತ ವೆಟ್‌ಸೂಟ್, ಮುಖಕ್ಕೆ ಸರಿಹೊಂದುವ ಮಾಸ್ಕ್, ಆಳ ಮತ್ತು ಸಮಯದ ಲೆಕ್ಕವಿಡುವ ಒಂದು ಡೈವ್ ಕಂಪ್ಯೂಟರ್, ಇಷ್ಟನ್ನು ಕೊಂಡರೆ ಸಾಕು. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ.

ಕೋರ್ಸಿಗೆ ಸೇರುವಾಗ ತುಂಬಬೇಕಾದ ವೈದ್ಯಕೀಯ ಪ್ರಶ್ನಾವಳಿಯನ್ನು ಊರಲ್ಲೇ ಓದಿ. ಅಸ್ತಮಾ, ಕಿವಿಯ ಶಸ್ತ್ರಚಿಕಿತ್ಸೆ, ಹೃದಯದ ತೊಂದರೆ ಇದ್ದವರಿಗೆ ವೈದ್ಯರ ಸಹಿ ಬೇಕು. ಡೈವ್‌ಮಾಸ್ಟರಿಗಂತೂ ಎಲ್ಲರಿಗೂ ಕಡ್ಡಾಯ. ದ್ವೀಪಕ್ಕೆ ಹೋದ ಮೇಲೆ ಸಹಿ ಹುಡುಕುತ್ತಾ ಮೂರು ದಿನ ಕಳೆಯುವುದು ಬೇಡ. ವಿಮೆಯ ಕಾಗದದಲ್ಲಿ ಆಳದ ಮಿತಿ, ಒಂದು ಪ್ರವಾಸಕ್ಕೆ ಎಷ್ಟು ದಿನ, ವೃತ್ತಿ ತರಬೇತಿಗೆ ಅನ್ವಯಿಸುತ್ತದೆಯೇ ಎಂಬ ಮೂರು ಸಾಲು ನೋಡಿ. ಸಾಮಾನ್ಯ ಪ್ರವಾಸ ವಿಮೆ ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಕೈಕೊಡುತ್ತದೆ. ಈಜೂ ಅಷ್ಟೇ: ಓಪನ್ ವಾಟರಿಗೆ 200 ಮೀಟರ್ ಈಜಿ 10 ನಿಮಿಷ ತೇಲಿದರೆ ಸಾಕು, ಡೈವ್‌ಮಾಸ್ಟರಿಗೆ 400 ಮೀಟರ್ ನಿಲ್ಲದೆ. 25 ಮೀಟರ್ ಕೊಳದಲ್ಲಿ ಅದು 16 ಉದ್ದ. ಮೂರು ತಿಂಗಳ ಮೊದಲೇ ಶುರುಮಾಡಿ.

ಹಣವನ್ನು ಒಟ್ಟಿಗೆ ಕಟ್ಟಬೇಡಿ. ಮೊದಲು ಓಪನ್ ವಾಟರಿಗೆ ಮಾತ್ರ ಕಟ್ಟಿ, ಆ ನಾಲ್ಕು ದಿನ ದೋಣಿ, ಇನ್‌ಸ್ಟ್ರಕ್ಟರ್, ಸಲಕರಣೆ ಎಲ್ಲ ನೋಡಿ, ಮನಸ್ಸು ಒಪ್ಪಿದರೆ ಮುಂದಿನದಕ್ಕೆ ದರ ಮಾತಾಡಿ. ವಾಪಸ್ ಟಿಕೆಟ್ ತೆಗೆಯುವಾಗ ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಎಂಬುದು ಹಲವು ದಿನ ಸತತ ಡೈವ್ ಮಾಡಿದವರಿಗೆ ಡೈವರ್‌ಗಳ ಸುರಕ್ಷತೆಗಾಗಿ ಇರುವ ಡ್ಯಾನ್ ಸಂಸ್ಥೆ ಕೊಡುವ ಸಲಹೆ. ಎಂಟು ವಾರ ಮಾಡಿದವರು 24 ಗಂಟೆ ಇಟ್ಟುಕೊಳ್ಳಿ. ಹ್ಯಾವ್ಲಾಕ್‌ನಿಂದಾದರೆ ಕೊನೆಯ ಡೈವ್ ಮುಗಿದ ಮರುದಿನ ಫೆರ್ರಿಯಲ್ಲಿ ಪೋರ್ಟ್ ಬ್ಲೇರ್ ತಲುಪಿ, ರಾತ್ರಿ ಅಲ್ಲಿ ಉಳಿದು, ಬೆಳಗಿನ ವಿಮಾನ ಹಿಡಿಯಿರಿ. ಕಡಲು ಕೆಟ್ಟು ಒಂದು ಫೆರ್ರಿ ತಪ್ಪಿದರೂ ಮುಂದಿನದಕ್ಕೆ ಸಮಯ ಉಳಿದಿರುತ್ತದೆ.