ಬಿಟ್ ಒರೆಸಿ ಇಡಬೇಡಿ, ಸೋಲ್ಡರ್ ಹಚ್ಚಿ ಇಡಿ

ಕಲಬುರಗಿಯ ನಮ್ಮ ಅಂಗಡಿಯಲ್ಲಿ ಚಾರ್ಜರ್, ಎಲ್‌ಇಡಿ ಬಲ್ಬ್, ಇನ್ವರ್ಟರ್ ಬೋರ್ಡ್ ರಿಪೇರಿ ಮಾಡುತ್ತೇವೆ. ಕೆಲಸ ಕಲಿಯಲು ಬರುವ ಹುಡುಗರಿಂದ ಜಾಸ್ತಿ ಕೇಳುವ ಮಾತು ಒಂದೇ: "ಅಣ್ಣಾ, ಐರನ್ ಕಾಯವಲ್ದು." ಹೋಗಿ ನೋಡಿದರೆ ಸೋಲ್ಡರಿಂಗ್ ಐರನ್ ಚೆನ್ನಾಗಿಯೇ ಕಾದಿರುತ್ತದೆ. ಅದರ ತುದಿ, ಅಂದರೆ ಬಿಟ್, ಕಪ್ಪಾಗಿರುತ್ತದೆ, ಅಷ್ಟೇ. ಬೆಸುಗೆಯ ಸೋಲ್ಡರ್ ವೈರ್ ತಾಗಿಸಿದರೆ ಕರಗಿದ ಸೋಲ್ಡರ್ ಅಂಟದೆ ಗುಂಡಾಗಿ ಉರುಳಿ ಕೆಳಗೆ ಬೀಳುತ್ತದೆ. ಆಗ ಹುಡುಗ ಶಾಖದ ನಾಬ್ ತಿರುಗಿಸಿ 450 ಡಿಗ್ರಿಗೆ ಇಡುತ್ತಾನೆ, ಬಿಟ್ ಇನ್ನೂ ಬೇಗ ಕೆಡುತ್ತದೆ.

ಬಿಟ್‌ನ ಒಳಗೆ ತಾಮ್ರ, ಅದರ ಮೇಲೆ ತೆಳುವಾದ ಕಬ್ಬಿಣದ ಲೇಪ. ಬಿಸಿ ಕಬ್ಬಿಣಕ್ಕೆ ಗಾಳಿ ತಾಗಿದರೆ ಆಕ್ಸೈಡ್ ಕಟ್ಟುತ್ತದೆ, ಶಾಖ ದಾಟುವುದಿಲ್ಲ. ಮೇಲೆ ಸೋಲ್ಡರ್ ಇದ್ದರೆ ಗಾಳಿ ತಾಗುವುದೇ ಇಲ್ಲ ಅಲ್ವಾ? ಅದಕ್ಕೇ ನಾನು ಹಟ ಹಿಡಿಯುವುದು ಇದೊಂದಕ್ಕೆ: ಸ್ಟ್ಯಾಂಡ್‌ಗೆ ಇಡುವ ಮುಂಚೆ ಒರೆಸಬೇಡಿ, ಹೊಸ ಸೋಲ್ಡರ್ ಹಚ್ಚಿ ಇಡಿ, ಮತ್ತೆ ಎತ್ತಿಕೊಂಡಾಗ ಒರೆಸಿ. ರಾತ್ರಿ ಆಫ್ ಮಾಡುವಾಗ ದಪ್ಪಗೆ ಹಚ್ಚಿ, ಹಾಗೇ ಆರಲು ಬಿಡಿ.

60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿಯೊಳಗೇ ಕರಗುತ್ತದೆ, ಸಾಮಾನ್ಯ ಕೆಲಸಕ್ಕೆ 320ರಿಂದ 350 ಸಾಕು. ಸೀಸ ಇಲ್ಲದ ವೈರ್ ಕರಗಲು 217ರ ಮೇಲೆ ಬೇಕು, ಅದರಲ್ಲಿ ತವರ ಜಾಸ್ತಿ ಇರುವುದರಿಂದ ಲೇಪವನ್ನೂ ಬೇಗ ತಿನ್ನುತ್ತದೆ. ನಾಬ್ ಇಲ್ಲದ 25 ವ್ಯಾಟ್ ಐರನ್ ಆದರೆ ಚಹಾಕ್ಕೆ ಹೋಗುವಾಗ ಪ್ಲಗ್ ತೆಗೆದೇ ಹೋಗಿ.

ಒರೆಸಲು ನನಗೆ ಹಿತ್ತಾಳೆ ತಂತಿಯ ಉಂಡೆಯೇ ಇಷ್ಟ, ಬಿಟ್ ತಣ್ಣಗಾಗುವುದಿಲ್ಲ. ಸ್ಪಂಜ್ ಬಳಸುವವರು ನೀರು ಪೂರ್ತಿ ಹಿಂಡಿ ಇಡಿ. ತೊಟ್ಟಿಕ್ಕುವ ಸ್ಪಂಜ್‌ಗೆ ತಾಗಿಸಿದಾಗ ಚುರ್ ಅನ್ನುತ್ತದಲ್ಲ, ಪ್ರತಿ ಸಲ ಹಾಗೆ ತಟ್ಟನೆ ತಣಿದು ಕಾದು ಲೇಪ ಬಿರುಕು ಬಿಡುತ್ತದೆ. ಬೋರ್ ನೀರು ಗಡಸಾಗಿದ್ದರೆ ಫಿಲ್ಟರ್ ನೀರು ಹಾಕಿ, ಇಲ್ಲದಿದ್ದರೆ ಅದರ ಉಪ್ಪು ಬಿಟ್‌ಗೆ ಹತ್ತುತ್ತದೆ. ಫ್ಲಕ್ಸ್ ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪದಾರ್ಥ; ತಗಡು ಬೆಸೆಯುವ ಆಸಿಡ್ ಫ್ಲಕ್ಸ್ ಮಾತ್ರ ಬೋರ್ಡ್ ಟೇಬಲ್ ಹತ್ತಿರವೂ ಬೇಡ.

ಕಪ್ಪಾದ ಬಿಟ್‌ಗೆ ಅರ, ಸ್ಯಾಂಡ್‌ಪೇಪರ್ ಹಾಕಬೇಡಿ. ಲೇಪ ಹೋದರೆ ಒಳಗಿನ ತಾಮ್ರ ಸೋಲ್ಡರ್‌ನಲ್ಲಿ ಕರಗಿ ಗುಂಡಿ ಬೀಳುತ್ತದೆ. ಲೇಪವಿಲ್ಲದ ಅಗ್ಗದ ತಾಮ್ರದ ಬಿಟ್ ಇದ್ದರೆ ಉಜ್ಜಬಹುದು, ಅದರ ಮಾತೇ ಬೇರೆ. ಉಳಿದದ್ದಕ್ಕೆ ಶಾಖ ಕಡಿಮೆ ಮಾಡಿ, ರಾಳದ ಫ್ಲಕ್ಸ್ ಮುಟ್ಟಿಸಿ, ಸೋಲ್ಡರ್ ಹಚ್ಚಿ, ಹಿತ್ತಾಳೆ ಉಂಡೆಯಲ್ಲಿ ತಿರುವಿ, ಮತ್ತೆ ಹಚ್ಚಿ. ಐದಾರು ಸಲಕ್ಕೆ ತುದಿ ಬೆಳ್ಳಗೆ ಹೊಳೆಯಲು ಶುರುವಾಗುತ್ತದೆ. ಗುಂಡಿ ಬಿದ್ದಿದ್ದರೆ ಸುಮ್ನೆ ಒದ್ದಾಡಬೇಡಿ, ಹೊಸ ಬಿಟ್ ಹಾಕಿ.